ಹಿತ್ತಲ ಕಿಟಕಿಗೆ ಹೋಗದ ಮೇಷ್ಟ್ರು

ಹನೂರಿನ ಬೋರ್ಡ್ ಸ್ಕೂಲಿನ ಪುಟ್ಟಬಸಪ್ಪ ಮೇಷ್ಟ್ರಿಗೆ ಮೆಸ್ಮರಿಸಂ ಹುಚ್ಚು ಹತ್ತಿದ್ದು ಕೊಳ್ಳೇಗಾಲದ ಒಂದು ಗುಡಾರದಲ್ಲಿ. ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಮದ್ರಾಸಿನಿಂದ ಬಂದಿದ್ದ ಕರಿಕೋಟಿನ ಪ್ರೊಫೆಸರೊಬ್ಬ, ಕಚೇರಿಯ ಗುಮಾಸ್ತನನ್ನು ಕುರ್ಚಿಯಲ್ಲಿ ಕೂರಿಸಿ, ಬರೀ ಮಾತಿನಿಂದಲೇ ಮಂಪರಿಗೆ ಹಾಕಿ, ಅಂಗೈಗೆ ಸೂಜಿ ಚುಚ್ಚಿದ. ಗುಮಾಸ್ತ ಕಮಕ್ ಕಿಮಕ್ ಅನ್ನಲಿಲ್ಲ. ಜನ ಚಪ್ಪಾಳೆ ತಟ್ಟಿ, ಬೀಡಿ ಹಚ್ಚಿಕೊಂಡು ಮನೆಗೆ ಹೋದರು. ಪುಟ್ಟಬಸಪ್ಪ ಮಾತ್ರ ಪ್ರೊಫೆಸರನ ಬೆನ್ನು ಹತ್ತಿ, ಪುಸ್ತಕದ ವಿಳಾಸ ಬರೆದುಕೊಂಡು, ವಿ.ಪಿ. ಅಂಚೆಯಲ್ಲಿ ತರಿಸಿಯೇ ಬಿಟ್ಟ.

ಪುಸ್ತಕ ಇಂಗ್ಲಿಷಿನದು. ಮೇಷ್ಟ್ರ ಇಂಗ್ಲಿಷು ಹನೂರಿನ ಮಟ್ಟಿಗೆ ಧಾರಾಳವಾಗಿತ್ತು, ಪುಸ್ತಕದ ಮಟ್ಟಿಗೆ ಕೊಂಚ ಕಡಿಮೆ ಬೀಳುತ್ತಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ. ಮೊದಲ ಪ್ರಯೋಗ ನಡೆದದ್ದು ಮೂರನೇ ಕ್ಲಾಸಿನ ಮೇಲೆ. ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ ಎಂದ. ಅರ್ಧ ಕ್ಲಾಸು ಗೊರಕೆ ಹೊಡೆಯಿತು.

"ಇದ್ಕೆ ಮದ್ರಾಸಿಂದ ಪುಸ್ತಕ ಬೇಕಿತ್ತಾ ಮೇಷ್ಟ್ರೆ? ದಿನಾ ನಿಮ್ ಪಾಠಕ್ಕೇ ಮನಿಕತವಲ್ಲ ಐಕ್ಳು" ಎಂದು ಹೆಡ್‌ಮಾಸ್ತರು ಶಿವಮಲ್ಲಪ್ಪ ಎಲ್ಲರೆದುರೇ ನಕ್ಕರು. ಪುಟ್ಟಬಸಪ್ಪನೂ ನಕ್ಕ. ಆದರೆ ಒಳಗೆ ನೊಂದುಕೊಂಡ. ನಾಲ್ಕು ಜನರ ನಗುವನ್ನು ಅರಗಿಸಿಕೊಳ್ಳುವ ಶಕ್ತಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಈ ಕತೆಯ ಸಂಕಟವೆಲ್ಲ ಇರುವುದು ಅಲ್ಲಿಯೇ.

ಅವನ ಹೆಂಡತಿ ಶಂಕರಮ್ಮ ಯಳಂದೂರಿನ ಮಗ್ಗುಲ ಹಳ್ಳಿಯವಳು. ಅಲ್ಲಿ ಜಮೀನುದಾರರಾದ ಕೆಂಪನಂಜಪ್ಪನವರ ಎರಡನೇ ಮಗಳು. ಮೊದಲನೆಯವಳು ಪುಟ್ಟಗೌರಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಹಿತ್ತಲ ಕಡೆಯ ಕೋಣೆಯಲ್ಲಿ ಕೂಗಿ ಕೂಗಿ ಪ್ರಾಣ ಬಿಟ್ಟಿದ್ದಳು. ಆಗ ಚಿಕ್ಕವಳಾಗಿದ್ದ ಶಂಕರಮ್ಮ ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅಂದಿನಿಂದ ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೂ ಅವಳು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅವಳೇ ಬಸುರಿ. ಸಂತೋಷಪಡುವ ಬದಲು ಅನ್ನ ಬಿಟ್ಟಳು.

"ನಾನೂವೆ ಅಕ್ಕನಂಗೇ ಓಗ್ಬುಡ್ತೀನಿ ಕಣ್ರಿ" ಎಂದಳು ಒಂದು ದಿನ, ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು.

ಪುಟ್ಟಬಸಪ್ಪನಿಗೆ ಅವಳ ಮೇಲೆ ಪ್ರಾಣ. ಕೈ ತೊಳೆದವನೇ ಪುಸ್ತಕ ತಂದ. ಅದರಲ್ಲಿ ಹೆರಿಗೆಯ ಬಗ್ಗೆಯೇ ಒಂದು ಅಧ್ಯಾಯವಿತ್ತು. "ನೋಡು, ಇಲ್ಲಿ ಬರ್ದವ್ರೆ. ಎದರ್ಕಂಡ್ರೆ ಮೈ ಬಿಗೀತದೆ, ಮೈ ಬಿಗುದ್ರೆ ನೋವು ಎಚ್ಚಾಯ್ತದೆ, ನೋವು ಎಚ್ಚಾದ್ರೆ ಇನ್ನೂ ಎದರ್ಕತೀವಿ. ಮೈ ಸಡ್ಲ ಬುಡೋದ ಕಲ್ತ್ಕಂಡ್ರೆ ಆಯ್ತು. ಮದ್ದೂ ಬ್ಯಾಡ, ಸೂಜೀನೂ ಬ್ಯಾಡ. ನಾನು ಕಲುಸ್ತೀನಿ."

ಸ್ಕೂಲು ಬಿಟ್ಟು ಬಂದ ಮೇಲೆ ದಿನವೂ ನಡುಮನೆಯಲ್ಲಿ ಚಾಪೆ ಹಾಸಿದರು. ಶಂಕರಮ್ಮ ಎಡಮಗ್ಗುಲಾಗಿ ಮಲಗುವಳು. ಅವನು ತಲೆಯ ಹತ್ತಿರ ಕೂತು, ಕ್ಲಾಸಿನಲ್ಲಿ ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳುವನು: ಕಾಲಿನ ಬೆರಳು ಸಡಿಲ, ಮೀನಖಂಡ ಸಡಿಲ, ತೊಡೆ ಸಡಿಲ, ಹುಬ್ಬಿನ ನಡುವಿನ ಗಂಟು ಸಡಿಲ. ಉಸಿರು ನಿಧಾನ. ನೀನೀಗ ನಿಮ್ಮೂರ ಕೆರೆಗೆ ಇಳಿಯುತ್ತಿದ್ದೀಯ. ನೀರು ತಣ್ಣಗಿದೆ. ಹರಡಿಗೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕೆರೆಯ ಮಾತು ಪುಸ್ತಕದ್ದಲ್ಲ. ಅಲ್ಲಿ ಯಾವುದೋ ಸಮುದ್ರ ಇತ್ತು. ಸಮುದ್ರ ನೋಡದವಳಿಗೆ ಸಮುದ್ರ ಯಾಕೆಂದು ಅವನೇ ಬದಲಾಯಿಸಿದ್ದ.

ಮೊದಮೊದಲು ಶಂಕರಮ್ಮ ಕಿಸಕ್ಕನೆ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಒಂದು ಸಂಜೆ ಅವನು ಅವಳ ಮುಂಗೈಗೆ ಜಾಲಿಮುಳ್ಳು ಒತ್ತಿದ. ಅವಳ ರೆಪ್ಪೆಯೂ ಅಲುಗಲಿಲ್ಲ. ಕಣ್ಣು ಬಿಟ್ಟ ಮೇಲೆ ರಕ್ತದ ಚುಕ್ಕೆ ನೋಡಿ, "ಇದ್ಯಾವಾಗ ಆಯ್ತು?" ಎಂದು ಕೇಳಿದಳು. ಪುಟ್ಟಬಸಪ್ಪನಿಗೆ ಕೊಂಬು ಬಂದಂತಾಯಿತು. ಮಾರನೆಯ ದಿನ ಸ್ಕೂಲಿನಲ್ಲೂ ಹೋಟೆಲಿನಲ್ಲೂ ಹೇಳಿಕೊಂಡು ತಿರುಗಿದ. ನಕ್ಕಿದ್ದ ಶಿವಮಲ್ಲಪ್ಪನವರಿಗೆ ಎರಡು ಸಲ ಹೇಳಿದ.

ಅಧ್ಯಾಯದ ಕೊನೆಗೆ ಇನ್ನೊಂದು ಪಾಠವಿತ್ತು. ಬಸುರಿ ಬರಬರುತ್ತ ಬೇರೆಯವರ ದನಿಯನ್ನು ಬಿಟ್ಟು, ತನಗೆ ತಾನೇ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡಬೇಕೆಂದು ಬರೆದಿತ್ತು. ಪುಟ್ಟಬಸಪ್ಪ ಅದನ್ನು ಓದಿದ್ದ. ಅರ್ಥವೂ ಆಗಿತ್ತು. ಆದರೂ ಕಲಿಸಲಿಲ್ಲ. "ನೀವು ಏಳುದ್ರೇನೆ ಕೆರೆ ಕಾಣೋದು, ನಾನೇ ಅಂದ್ಕಂಡ್ರೆ ಬರೀ ಕತ್ಲು" ಎಂದು ಅವಳು ಹೇಳಿದಾಗ ಅವನ ಎದೆ ಉಬ್ಬಿತ್ತು. ಆ ಸುಖವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೆ.

ಏಳು ತುಂಬಿ ತವರಿನವರು ಕರೆಯಲು ಬಂದಾಗ ಶಂಕರಮ್ಮ ಅವನನ್ನು ಅಡಿಗೆಮನೆಗೆ ಕರೆದಳು. "ಅಲ್ಲಿ ಗಂಡಸ್ರ ಒಳಕ್ಕೆ ಬುಡಾಕಿಲ್ಲ. ಇತ್ಲ ಕಡೆ ಕಿಟ್ಕಿ ಅದೆ. ನೀವು ಆಚೆ ನಿಂತ್ಕಂಡು ಏಳಿ, ಸಾಕು. ನಿಮ್ ದನಿ ಕೇಳುದ್ರೆ ನಾನು ಎದರ್ಕಳಾಕಿಲ್ಲ. ಬತ್ತೀರಲ್ವಾ?"

"ಬರ್ದೆ ಇರ್ತೀನಾ? ಮಾವನ್ನ ನಾನೇ ಕೇಳಿ ಒಪ್ಪುಸ್ತೀನಿ."

ಅವಳನ್ನು ನೋಡಲೆಂದು ಆಮೇಲೆ ಹಲವು ಸಲ ಯಳಂದೂರಿಗೆ ಹೋದ. ಪ್ರತಿಸಲವೂ ಜಗುಲಿಯಲ್ಲಿ ಮಾವನ ಎದುರು ಕೂತು ಮಳೆಬೆಳೆ ಮಾತಾಡಿದ. ಹೆಂಡತಿಯ ಹೆರಿಗೆಯ ಮಾತೆತ್ತಲು ನಾಲಿಗೆ ಏಳಲಿಲ್ಲ. "ಕೇಳುದ್ರಾ?" ಎಂದು ಶಂಕರಮ್ಮ ಕಣ್ಣಿನಲ್ಲೇ ಕೇಳಿದರೆ, ಆಯಿತು ಎಂಬಂತೆ ತಲೆ ಆಡಿಸಿದ. ಸುಳ್ಳು ಎಂದು ಅವನಿಗೆ ಅನ್ನಿಸಲಿಲ್ಲ. ಹೇಗೂ ಕೇಳುತ್ತೇನಲ್ಲ ಎಂದುಕೊಂಡ.

ನೋವು ಶುರುವಾದ ಸುದ್ದಿ ಬೆಳಗಿನ ಬಸ್ಸಿನಲ್ಲಿ ಬಂತು. ರಜೆ ಹೇಳಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಬಿಸಿಲೇರುವ ಹೊತ್ತಿಗೆ ಮಾವನ ಮನೆ ಮುಟ್ಟಿದ. ಜಗುಲಿ ತುಂಬಾ ಗಂಡಸರು. ಕೆಂಪನಂಜಪ್ಪನವರು ಕಂಬಕ್ಕೊರಗಿ ಕಣ್ಣು ಮುಚ್ಚಿದ್ದರು. ಅವರ ತಮ್ಮ ಸದಾಶಿವಪ್ಪ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು, ಅಕ್ಕಪಕ್ಕದ ಹಿರಿಯರೊಡನೆ ಬೇಡದ ಮಾತೆಲ್ಲ ಆಡುತ್ತ ಹೊತ್ತು ನೂಕುತ್ತಿದ್ದರು. ಒಳಗೆ ಸೂಲಗಿತ್ತಿ ಚಿಕ್ಕನಿಂಗಮ್ಮನ ದನಿ, ಅತ್ತೆ ಗುರುಬಸಮ್ಮನ ದನಿ, ನಡುವೆ ಶಂಕರಮ್ಮನ ನರಳಾಟ.

ಹಿತ್ತಲಿಗೆ ಹೋಗಲು ಮನೆಯ ಮಗ್ಗುಲಲ್ಲೇ ಓಣಿ ಇತ್ತು. ಪುಟ್ಟಬಸಪ್ಪ ಚಪ್ಪಲಿ ಬಿಡದೆ ಆ ಕಡೆ ತಿರುಗಿದ.

"ಎತ್ತ ಕಡೆ ಮೇಷ್ಟ್ರೆ?" ಎಂದರು ಸದಾಶಿವಪ್ಪ.

ಅವರು ಕೇಳಿದ್ದು ಬಂದವರನ್ನು ಕೇಳುವ ಹಾಗೆ. ಆದರೆ ಜಗುಲಿಯ ಎಲ್ಲ ಮುಖಗಳೂ ತನ್ನ ಕಡೆ ತಿರುಗಿದ್ದನ್ನು ಪುಟ್ಟಬಸಪ್ಪ ಕಂಡ. ಕಿಟಕಿಯ ಹತ್ತಿರ ನಿಂತು, ಕಾಲ ಬೆರಳು ಸಡಿಲ, ತೊಡೆ ಸಡಿಲ ಎಂದು ಹೆಂಡತಿಗೆ ಗಟ್ಟಿಯಾಗಿ ಹೇಳುವುದನ್ನು, ಈ ಮೀಸೆಯವರೆಲ್ಲ ಕೇಳಿಸಿಕೊಳ್ಳುವುದನ್ನು, ನಾಳೆ ಯಳಂದೂರು ಸೀಮೆಯೇ ಆಡಿಕೊಳ್ಳುವುದನ್ನು ನೆನೆದ. "ಇಲ್ಲ, ಕಾಲಿಗೆ ನೀರು..." ಎಂದು ತೊದಲಿದ. ಯಾರೋ ಚೊಂಬು ಕೊಟ್ಟರು. ಕಾಲು ತೊಳೆದು, ಜಗುಲಿಯ ತುದಿಯಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಒಳಗಿನಿಂದ "ಏನೂಂದ್ರೇ..." ಎಂಬ ಕೂಗು ಬಂತು. ಅವನು ಬಂದದ್ದು ಅವಳಿಗೆ ತಿಳಿದಿತ್ತು. ಅತ್ತೆಯೇ ಹೇಳಿದ್ದರು. ಮತ್ತೆ ಬಂತು. ಪುಟ್ಟಬಸಪ್ಪ ಅಡಿಕೆ ಹೋಳೊಂದನ್ನು ಬೆರಳಲ್ಲಿ ಉರುಳಿಸುತ್ತ ಕೂತ. ಇನ್ನೇನು ಎದ್ದೆ ಎಂದುಕೊಳ್ಳುವನು, ಏಳನು. ಆಮೇಲೆ ಆ ಮನೆಯಲ್ಲಿ ಯಾವ ಹೆಂಗಸಿನ ಬಾಯಲ್ಲೂ ಬಂದಿರದ ಮಾತು ಬಂತು.

"ಪುಟ್ಬಸಪ್ಪಾ! ಎಲ್ಲಿದ್ದೀರಾ? ಪುಟ್ಬಸಪ್ಪಾ!"

ಗಂಡನ ಹೆಸರು! ಸ್ವಂತ ಅಪ್ಪನಿಗೆ, ಚಿಕ್ಕಪ್ಪನಿಗೆ, ಊರಿಗೆ ಕೇಳುವಂತೆ! ಹಿರಿಯರು ನೆಲ ನೋಡಿದರು. ಸದಾಶಿವಪ್ಪ ಕೆಮ್ಮಿದರು. ಪುಟ್ಟಬಸಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಏನಾದರೂ ಆಡಬೇಕಲ್ಲ ಎಂದು ಹಲ್ಲು ಕಿರಿದು ಹೇಳಿದ: "ನೋವಲ್ಲಿ ಏನೇನೋ ಬಡಬಡುಸ್ತಾರೆ."

ಆಗ ಕೆಂಪನಂಜಪ್ಪನವರು ಕಣ್ಣು ತೆರೆದರು. ಆ ಕಣ್ಣಲ್ಲಿ ನೀರಿತ್ತು. "ಓಗಿ ಮೇಷ್ಟ್ರೆ" ಎಂದರು. "ಕೂಗ್ತಾವ್ಳೆ, ಓಗಿ. ಯಾರೇನಾರ ಅಂದ್ಕಳ್ಲಿ. ಒಂದ್ ಎಣ್ಮಗ ಆಗ್ಲೇ ಅಲ್ಲೇ ಕೂಗಿ ಕೂಗಿ ಓಗ್ಬುಟ್ಟದೆ ನಂಗೆ."

ಅಪ್ಪಣೆ ಸಿಕ್ಕಿತ್ತು. ಊರಿನ ಹಿರಿಯನೇ, ಹೆತ್ತ ಅಪ್ಪನೇ, ಸಂಪ್ರದಾಯವನ್ನು ಪಕ್ಕಕ್ಕಿಟ್ಟು ದಾರಿ ಬಿಟ್ಟಿದ್ದ. ಇನ್ನು ಎದ್ದು ನಡೆಯುವುದಷ್ಟೇ ಬಾಕಿ. ಪುಟ್ಟಬಸಪ್ಪ ಎದ್ದೂ ನಿಂತ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ತಾನೇ ಕೇಳಿಸಿಕೊಳ್ಳಬಾರದೆಂಬಷ್ಟು ಮೆಲ್ಲಗೆ ಅವನ ಬಾಯಿಂದ ಬಂದ ಮಾತು ಇದು: "ಗಂಡಸ್ರು ಅಲ್ಲಿಗ್ ಓಗೋದು ಚೆಂದಾನಾ ಮಾವ?"

ಹೇಳಿ ಕೂತುಬಿಟ್ಟ. ಮುದುಕ ಅವನನ್ನು ಒಂದು ಸಲ ನೋಡಿ ಮತ್ತೆ ಕಣ್ಣು ಮುಚ್ಚಿದ. ಬೈದಿದ್ದರೆ ವಾಸಿಯಾಗುತ್ತಿತ್ತು.

ಕೂಗು ಇನ್ನೊಂದೆರಡು ಸಲ ಕೇಳಿ, ಥಟ್ಟನೆ ನಿಂತುಹೋಯಿತು. ನರಳಾಟವೂ ಇಲ್ಲ. ಪುಟ್ಟಗೌರಮ್ಮನ ಕೂಗೂ ಹೀಗೇ ನಿಂತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಪುಟ್ಟಬಸಪ್ಪ ಎರಡೂ ಕೈಯಲ್ಲಿ ಜಗುಲಿಯ ಅಂಚು ಹಿಡಿದುಕೊಂಡು, ಅವಳು ಸತ್ತಳು, ನಾನೇ ಕೊಂದೆ ಎಂದುಕೊಂಡ. ಆಗಲೂ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ಮಗು ಅತ್ತಿತು. ಚಿಕ್ಕನಿಂಗಮ್ಮ ಸೆರಗಲ್ಲಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು, "ಎಣ್ಮಗ ಕಣ್ರಪ್ಪೋ, ತಾಯಿ ಮಗ ಇಬ್ರೂ ಚೆಂದಾಗವ್ರೆ" ಎಂದಳು. ಗಂಡಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅವನೊಬ್ಬ ಎದ್ದು ಹೋಗಿ ಓಣಿಯ ಗೋಡೆಗೆ ಮುಖ ಮಾಡಿ ಅತ್ತ.

ಮಗುವಿಗೆ ಲಿಂಗ ಕಟ್ಟಿಸುವ ದಿನ ಹೆಂಡತಿಯನ್ನು ಕಂಡ. ಬೈಗುಳಕ್ಕೆ ತಯಾರಾಗಿ ಹೋಗಿದ್ದ. ಶಂಕರಮ್ಮ ಬೈಯಲಿಲ್ಲ. ಮಗುವನ್ನು ಅವನ ತೊಡೆಗೆ ಹಾಕಿ, "ನಿಮ್ದೇ ಮೂಗು" ಎಂದಳು.

ಆದರೆ ಬಾಣಂತನ ಮುಗಿಸಿ ಅವಳು ಹನೂರಿಗೆ ಬಂದ ಮೇಲೆ ಅವನಿಗೆ ನಿಜವಾದ ಶಿಕ್ಷೆ ಶುರುವಾಯಿತು. ಮೇಷ್ಟ್ರ ಮೆಸ್ಮರಿಸಂ ಹೆರಿಗೆ ಏನಾಯಿತೆಂದು ಕೇಳಲು ಅಕ್ಕಪಕ್ಕದ ಹೆಂಗಸರು ಕಾದಿದ್ದರು. ಅವನು ಒಳಗಿನಿಂದ ಕಿವಿಗೊಟ್ಟು ಕೇಳಿದ. "ಊಂ ಕಣಮ್ಮ, ಅವ್ರು ಕಿಟ್ಕಿ ತಾವ ನಿಂತ್ಕಂಡು ಏಳ್ತಾನೇ ಇದ್ರು. ನಂಗೆ ನೋವೇ ಗೊತ್ತಾಗ್ನಿಲ್ಲ" ಎಂದಳು ಶಂಕರಮ್ಮ.

ಅಂದಿನಿಂದ ಪುಟ್ಟಬಸಪ್ಪ ಊರಿಗೆ ದೊಡ್ಡ ಮನುಷ್ಯನಾದ. ಶಿವಮಲ್ಲಪ್ಪನವರೇ ಕೈ ಮುಗಿದರು. ಅಜ್ಜೀಪುರದಿಂದ ಗಾಡಿ ಕಟ್ಟಿಕೊಂಡು ಬಂದವರು, "ನಮ್ ಬಸ್ರಿ ಮಗೀಗೂ ಒಸಿ ಏಳ್ಕೊಡಿ ಸಾ" ಎಂದು ಅಂಗಳದಲ್ಲಿ ನಿಂತರು. ಅವನು ತಲೆನೋವು ಎಂದ, ಪುಸ್ತಕ ಕಳೆದಿದೆ ಎಂದ. ಹೊಗಳಿಕೆ ಕೇಳಿದಾಗಲೆಲ್ಲ ಮೈಮೇಲೆ ಕೆಂಡ ಸುರಿದ ಹಾಗಾಗುತ್ತಿತ್ತು. ಕೊನೆಗೆ ಬೇಡಿಕೊಂಡು ಮಾರ್ಟಳ್ಳಿಗೆ ವರ್ಗ ಮಾಡಿಸಿಕೊಂಡ. ಅಲ್ಲಿ ತಮಿಳು ಜಾಸ್ತಿ, ತನ್ನ ಕತೆ ತಲುಪಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದ. ಒಂದು ತಿಂಗಳೂ ತುಂಬಲಿಲ್ಲ, ಅಲ್ಲಿಯೂ ಒಬ್ಬ ಬಂದು, "ನೀವೇ ಅಲ್ವಾ ಕಿಟ್ಕಿ ಮೇಷ್ಟ್ರು?" ಎಂದು ಕೇಳಿದ.

ಮಗಳು ನಡೆದಾಡುವ ಹೊತ್ತಿಗೆ ಶಂಕರಮ್ಮ ಮತ್ತೆ ಬಸುರಿಯಾದಳು. ಪುಟ್ಟಬಸಪ್ಪನಿಗೆ ಕುರುಡನಿಗೆ ಕಣ್ಣು ಬಂದಷ್ಟು ಆಸೆಯಾಯಿತು. ಈ ಸಲ ಹೋಗುತ್ತೇನೆ, ಊರೆಲ್ಲ ಓಣಿಯಲ್ಲಿ ಸಾಲಾಗಿ ನಿಂತರೂ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಒಂದು ಸಂಜೆ ತಾನೇ ಚಾಪೆ ಹಾಸಿ ಕರೆದ. ರಾಗಿ ಕೇರುತ್ತಿದ್ದ ಶಂಕರಮ್ಮ ಚಾಪೆಯನ್ನು ನೋಡಿ, ಮೊರ ಕೆಳಗಿಟ್ಟಳು.

"ಬ್ಯಾಡ ಬುಡಿ."

"ಈ ಸಲ ಬತ್ತೀನಿ ಕಣಮ್ಮಿ. ಮಗೀನ ಆಣೆಗೂ ಬತ್ತೀನಿ."

"ಬತ್ತೀರಿ, ನಂಗೊತ್ತು. ಅದ್ಕಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಕೂಗ್ದೆ, ಕೂಗ್ದೆ. ನೀವು ಈಗ ಬತ್ತೀರಿ, ಈಗ ಬತ್ತೀರಿ ಅಂತ ಕಿಟ್ಕಿನೇ ನೋಡ್ತಾ ಮೈಯೆಲ್ಲ ಸೆಡ್ತ್ಕಂಡ್ಬುಟ್ಟಿತ್ತು. ಆಮೇಲೆ, ಇವ್ರು ಬರಾಕಿಲ್ಲ ಅಂತ ಗೊತ್ತಾಗೋಯ್ತು. ಕೂಗೋದ ಬುಟ್ಬುಟ್ಟೆ. ಬುಟ್ಟ ಏಟ್ಗೆ ಮೈ ತಾನಾಗೇ ಸಡ್ಲ ಆಯ್ತು ಕಣ್ರಿ. ನೋವು ಕಮ್ಮಿ ಆದ್ದು ನಿಮ್ಮ ಕರ್ಯೋದ ನಿಲ್ಸುದ್ಮೇಲೇನೆ."

ಪುಟ್ಟಬಸಪ್ಪ ಹಾಸಿದ್ದ ಚಾಪೆಯನ್ನು ಸುತ್ತತೊಡಗಿದ. "ಮತ್ತೆ ಅವ್ರ್‌ಗೆಲ್ಲ ನಾನು ಇದ್ದೆ ಅಂತ ಯಾಕ್ ಏಳ್ದೆ?"

"ಇನ್ನೇನ್ ಏಳ್ಲಿ? ನನ್ ಗಂಡ ನಾಚ್ಕಂಡು ಜಗ್ಲಿ ಮೇಲೆ ಕೂತಿದ್ರು ಅನ್ಲಾ?" ಎಂದು ಶಂಕರಮ್ಮ ಮೊರವನ್ನೆತ್ತಿಕೊಂಡಳು.

ಎರಡನೇ ಹೆರಿಗೆಗೆ ಅವನು ಯಳಂದೂರಿಗೆ ಹೋಗಲಿಲ್ಲ. ಅವಳೇ ಬೇಡ ಎಂದಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಹೋಗು ಎಂದಾಗಲೂ ಹೋಗದವನಿಗೆ ಆ ಸಮಾಧಾನ ಒಗ್ಗಲಿಲ್ಲ. ಗಂಡುಮಗು, ಹೆರಿಗೆ ಸುಸೂತ್ರ ಎಂಬ ಸುದ್ದಿ ಬಂದ ದಿನ ಮಾರ್ಟಳ್ಳಿಯ ಸ್ಕೂಲಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದ. ಈ ಸಲವೂ ಕಿಟಕಿ ಹತ್ತಿರ ನೀವೇ ಹೇಳಿದಿರಾ ಎಂದು ಯಾರೋ ಕೇಳಿದರು. ಇಲ್ಲ, ಈಗ ಅವಳಿಗೆ ನಾನು ಬೇಕಾಗಿಲ್ಲ ಎಂದ. ಮೇಷ್ಟ್ರು ಅಷ್ಟು ಚೆನ್ನಾಗಿ ಕಲಿಸಿದ್ದಾರೆಂದು ಅವರೆಲ್ಲ ತಲೆದೂಗಿದರು.