ಮಳವಳ್ಳಿಯಲ್ಲಿ ಆರಿದ ಕೆಂಪು ದೀಪ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನಿಗೆ ಮೀಟರು ತೋರಿಸದ್ದು ಇಲ್ಲವೆಂದೇ ಲೆಕ್ಕ. ಈಗ ನೀವು ನಕ್ಕರೂ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಳವಳ್ಳಿ ಹತ್ತಿರದ ಬೆಳಕವಾಡಿಯಲ್ಲಿದ್ದಾಗ ನನ್ನದೊಂದು ಹಳೆಯ ಪೆಟ್ರೋಲ್ ಕಾರು. ಅದರ ಬ್ಯಾಟರಿಯ ಕೆಂಪು ದೀಪ ಸದಾ ಉರಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆ, ಬೆಲ್ಟು ಬಿಗಿ ಮಾಡಿದೆ, ವೈರಿನ ತುದಿಗಳನ್ನು ಉಜ್ಜಿದೆ. ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ಇರಬೇಕಾದಲ್ಲಿ ಹನ್ನೆರಡೂ ಇರುತ್ತಿರಲಿಲ್ಲ. ಕರೆಂಟು ಹುಟ್ಟಿಸುವ ಆಲ್ಟರ್ನೇಟರೇ ಕೆಟ್ಟಿದೆ, ಭಾನುವಾರ ಮಂಡ್ಯಕ್ಕೆ ಒಯ್ಯೋಣ ಅಂದುಕೊಂಡೆ. ಅಲ್ಲಿಯವರೆಗೆ ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿಕೊಂಡು ಓಡಿಸುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆಯ ಜವರಮ್ಮನಿಗೆ ಕಬ್ಬಿನ ಗದ್ದೆಯಲ್ಲಿ ನಾಗರಹಾವು ಕಚ್ಚಿತು. ನಾನು ಟೈಫಾಯಿಡ್ ಬಂದು ಮಲಗಿದ್ದಾಗ ಹದಿನೈದು ದಿನ ಬೈದುಕೊಂಡೇ ಗಂಜಿ ಕುಡಿಸಿದವರು ಅವರು. ಅವರನ್ನೂ ಮಗಳು ಸಾಕಮ್ಮನನ್ನೂ ಹಿಂದೆ ಕೂರಿಸಿಕೊಂಡು ಮಳವಳ್ಳಿಯ ಆಸ್ಪತ್ರೆಗೆ ಬಂದೆ. ಇಂಜೆಕ್ಷನ್ ಕೊಟ್ಟ ವೈದ್ಯರು, ಉಸಿರಾಟದ ಯಂತ್ರ ಬೇಕಾಗಬಹುದು, ಬೇಗ ಮಂಡ್ಯಕ್ಕೆ ಹೊರಡಿ ಅಂದರು. ಆಂಬುಲೆನ್ಸು ಅದಾಗಲೇ ಇನ್ನೊಬ್ಬರನ್ನು ಕರೆದೊಯ್ದಿತ್ತು.

ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೇ. ಬಾನೆಟ್ ಎತ್ತಿ, ಕಾರಿನಲ್ಲೇ ಇಟ್ಟಿರುತ್ತಿದ್ದ ವೋಲ್ಟ್ ಮೀಟರನ್ನು ಬ್ಯಾಟರಿಗೆ ಹಿಡಿದೆ. ಎಂಟು ವೋಲ್ಟ್. ತಳ್ಳಿದರೂ ಹತ್ತುವಂತಿರಲಿಲ್ಲ. ಜವರಮ್ಮನ ರೆಪ್ಪೆಗಳು ಜೋತುಬಿದ್ದಿದ್ದವು. "ಅವ್ವಾ, ಕಣ್ ಬುಡವ್ವಾ!" ಎಂದು ಸಾಕಮ್ಮ ಅಲುಗಾಡಿಸುತ್ತಿದ್ದಳು. ಬೇರೆ ಗಾಡಿ ಹುಡುಕಲು ರಸ್ತೆಯತ್ತ ಹೊರಟಾಗ ಹಿಂದಿನಿಂದ ಜವರಮ್ಮನ ದನಿ ಕೇಳಿತು: "ಎಲ್ಗ್ಲಾ ಓಯ್ತೀಯೆ? ಇನ್ನೊಂದ್ ಸಲ ತಿರುಗ್ಸು. ಓಯ್ತದೆ ಕಣ್ಲಾ."

ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಹತ್ತಿತು. ಕೆಂಪು ದೀಪ ಆರಿತು. ಮಂಡ್ಯದವರೆಗೂ ಮತ್ತೆ ಉರಿಯಲಿಲ್ಲ. ಜವರಮ್ಮನನ್ನು ಅಲ್ಲಿನ ಆಸ್ಪತ್ರೆಗೆ ಸೇರಿಸಿ ಬಂದು, ಎಂಜಿನ್ ಆರಿಸುವ ಮುನ್ನ ಮೀಟರು ಹಿಡಿದರೆ ಹದಿನಾಲ್ಕು ವೋಲ್ಟ್.

ಮರುದಿನ ಮಂಡ್ಯದ ಮೆಕ್ಯಾನಿಕ್ ಆಲ್ಟರ್ನೇಟರ್ ಬಿಚ್ಚಿದ. ಒಳಗಿನ ಸುರುಳಿ ಸುಟ್ಟು ಕರಿಯಾಗಿತ್ತು, ತಂತಿ ತುಂಡಾಗಿತ್ತು. "ಇದು ಸತ್ತು ತಿಂಗ್ಳಾಗದೆ ಸಾ. ನೆನ್ನೆ ಚಾರ್ಜ್ ಮಾಡ್ತು ಅಂದ್ರೆ ಯಾರ್ ನಂಬ್ತಾರೆ?" ಅಂದ. ನನ್ನ ಮೀಟರೇ ಸುಳ್ಳು ಹೇಳಿತೇನೋ ಎಂದು ಅವನ ಅಂಗಡಿಯ ಬೇರೆ ಕಾರಿಗೆ ಹಿಡಿದು ನೋಡಿದೆ. ಸರಿಯಾಗಿಯೇ ತೋರಿಸಿತು.

ಐದನೆಯ ದಿನ ಜವರಮ್ಮ ಹಾಸಿಗೆಯಲ್ಲಿ ಎದ್ದು ಕೂತರು. ಕಾರು ಹೋಗುತ್ತದೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಾನೆಲ್ಲಪ್ಪ ಮಾತಾಡ್ದೆ? ನಾಲ್ಗೇನೆ ಬಿದ್ದೋಗಿತ್ತು," ಅಂದರು. ಪಕ್ಕದಲ್ಲಿದ್ದ ಸಾಕಮ್ಮನೂ, "ಅವ್ವ ಒಂದ್ ಮಾತೂ ಆಡ್ನಿಲ್ಲ ಕಣಣ್ಣ" ಅಂದಳು.

ಆ ದನಿ ಯಾರದು, ಆ ಕರೆಂಟು ಎಲ್ಲಿಯದು, ನನಗೆ ಇಂದಿಗೂ ತಿಳಿಯದು. ಜವರಮ್ಮ ಇವತ್ತೂ ಗದ್ದೆಗೆ ಹೋಗುತ್ತಾರೆ, ನಾನು ಆ ಊರಿಗೆ ಹೋದರೆ ಇವತ್ತೂ ಬೈಯುತ್ತಾರೆ. ಅದನ್ನು ಕೇಳಿದಾಗಲೆಲ್ಲ ಕೈಮುಗಿಯಬೇಕೆನಿಸುತ್ತದೆ. ಯಾವ ದಿಕ್ಕಿಗೆ ಮುಗಿಯಲಿ ಎಂಬುದು ಮಾತ್ರ ಗೊತ್ತಾಗುವುದಿಲ್ಲ.