ಮಂಗಳ, ಗುರು, ಶನಿ

ಶಿರಾಲಿ ಬದಿಯ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದೆ. ಮನೆ ಹೊನ್ನಾವರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಮಕ್ಕಳಿಗೆ ನನ್ನನ್ನು ಕಂಡರೆ ಹೆದರಿಕೆ. ಜೊತೆಯ ಶಿಕ್ಷಕರು, ‘ಮಾಸ್ತರರು ಧ್ಯಾನ ಮಾಡುವವರು, ಹೆಚ್ಚು ಮಾತಾಡುವುದಿಲ್ಲ’ ಎಂದು ಹೊಸಬರಿಗೆ ನನ್ನನ್ನು ಪರಿಚಯಿಸುತ್ತಿದ್ದರು. ಅದನ್ನು ಕೇಳಿ ಒಳಗೊಳಗೆ ಖುಷಿಯಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಹೆಂಡತಿ ಅದನ್ನು ಹೇಗೆ ನುಂಗಿಕೊಂಡಳೋ ನಾನು ಕೇಳಲಿಲ್ಲ. ನಾನು ಕಣ್ಣು ಮುಚ್ಚಿ ಕುಳಿತೆ. ಬೆಳಿಗ್ಗೆ ಐದರಿಂದ ಆರರವರೆಗೆ ದೇವರ ಕೋಣೆಯಲ್ಲಿ ಕೂರುವುದು ಹಾಗೆ ಶುರುವಾಯಿತು. ಆ ಒಂದು ತಾಸು ಅಡುಗೆಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಆಗುತ್ತಿರಲಿಲ್ಲ. ಅವಳು ಬಚ್ಚಲೊಲೆಗೆ ಬೆಂಕಿ ಹಾಕುವುದನ್ನೂ ನಾನು ಎದ್ದ ಮೇಲೆಯೇ ಮಾಡುತ್ತಿದ್ದಳು. ಬೇಸಿಗೆ ರಜೆ ಬಂದರೆ ನಾನು ಶಿಬಿರಕ್ಕೆ ಹೊರಡುತ್ತಿದ್ದೆ. ಎಷ್ಟೋ ಮಠ, ಎಷ್ಟೋ ಆಶ್ರಮ. ಎಲ್ಲಿಗೆ ಹೋದರೂ ಇನ್ನೊಂದು ಮೆಟ್ಟಿಲು ಹತ್ತಿದರೆ ಅದು ಸಿಗುತ್ತದೆ ಎನ್ನಿಸುತ್ತಿತ್ತು. ಅದು ಎಂದರೆ ಏನು ಎಂದು ಯಾರಾದರೂ ಕೇಳಿದ್ದರೆ ನಾನು ಹೇಳಲಾರದೆ ಒದ್ದಾಡುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗ ಉತ್ತರದ ಕಡೆ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿದ್ದೆ. ಫೋನನ್ನು ಮೊದಲ ದಿನವೇ ತೆಗೆದಿಡಬೇಕು. ಏಳನೆಯ ದಿನ ನನಗೆ ತುಂಬ ಒಳ್ಳೆಯ ಅನುಭವವೊಂದಾಯಿತು. ಮೈಯೆಲ್ಲ ಹಗುರಾಗಿ ಎಲ್ಲರನ್ನೂ ಕ್ಷಮಿಸಿದ ಹಾಗೆ. ಅದನ್ನು ಚೆಲ್ಲದಂತೆ ಹಿಡಿದುಕೊಂಡು ರೈಲಿನಲ್ಲಿ ಊರಿಗೆ ಬಂದೆ. ಹೆಂಡತಿ ಬಾಗಿಲು ತೆಗೆದಳು. ಮುಖ ಊದಿತ್ತು. ಕಾಲು ನೋಡಿದರೆ ಮೊಣಕಾಲ ಗಂಟಿನವರೆಗೂ ಬಾವು. ಬೆರಳಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

“ಎಷ್ಟು ದಿನ ಆತು?”

“ನೀವು ಹೋದ ಮರುದಿನದಿಂದ.”

“ಎಂತಕ್ಕೆ ತಿಳಿಸಿದ್ದಿಲ್ಲೆ?”

“ಮೌನದಲ್ಲಿ ಇದ್ದವಕ್ಕೆ ಹೆಂಗೆ ಹೇಳದು?” ಎಂದಳು. ಚುಚ್ಚಿ ಹೇಳಿದ್ದಲ್ಲ. ನಿಜವಾಗಿ ಹೇಗೆ ಹೇಳುವುದೆಂದು ಅವಳಿಗೆ ತಿಳಿದಿರಲಿಲ್ಲ.

ಆಗ ನನಗೆ ತಪ್ಪಿತಸ್ಥ ಭಾವ ಬಂತು, ನಿಜ. ಅದರ ಜೊತೆ ಇನ್ನೊಂದೂ ಬಂತು. ಅಷ್ಟು ದೂರದಿಂದ ಹೊತ್ತು ತಂದ ಶಾಂತಿ ಮನೆಯಲ್ಲಿ ಒಂದು ದಿನವೂ ಉಳಿಯಲಿಲ್ಲವಲ್ಲ ಎಂಬ ಸಿಟ್ಟು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಎರಡೂ ಕಿಡ್ನಿ ಹೋಗಿವೆ ಎಂದರು ಡಾಕ್ಟರು. ಕೆಲವು ತಿಂಗಳು ಔಷಧದಲ್ಲಿ ನಡೆಯಿತು, ಆಮೇಲೆ ಡಯಾಲಿಸಿಸ್. ಕುಮಟಾದ ಆಸ್ಪತ್ರೆಯೊಂದರಲ್ಲಿ ಮಂಗಳವಾರ, ಗುರುವಾರ, ಶನಿವಾರದ ಬೆಳಗಿನ ಪಾಳಿ ಸಿಕ್ಕಿತು. ಅಷ್ಟರಲ್ಲಿ ನನಗೂ ನಿವೃತ್ತಿಯಾಯಿತು. ನಿವೃತ್ತಿಯಾದ ಮೇಲೆ ವರ್ಷದಲ್ಲಿ ಆರು ತಿಂಗಳು ಆಶ್ರಮದಲ್ಲೇ ಇರಬೇಕೆಂದು ಯೋಚಿಸಿಟ್ಟಿದ್ದೆ. ಅದರ ಬದಲಿಗೆ ವಾರಕ್ಕೆ ಮೂರು ದಿನ ಹೊನ್ನಾವರದಿಂದ ಕುಮಟಾ ಬಸ್ಸು.

ಒಂದು ಉದ್ದದ ಕೋಣೆ, ಸಾಲಾಗಿ ಮಂಚಗಳು, ಪ್ರತಿ ಮಂಚದ ತಲೆಯ ಬಳಿ ಒಂದು ಯಂತ್ರ. ಕೈಗೆ ಎರಡು ಸೂಜಿ ಹಾಕುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಶುದ್ಧವಾಗಿ, ಇನ್ನೊಂದರಿಂದ ಒಳಗೆ ಬರುತ್ತದೆ. ನಾಲ್ಕು ತಾಸು. ಭಟ್ಕಳದಿಂದ ದಿನಾ ಬಂದುಹೋಗುವ ಚಿಕ್ಕ ವಯಸ್ಸಿನ ಟೆಕ್ನಿಷಿಯನ್ ಹುಡುಗಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಮಾತಾಡುವವಳು, ಇಲ್ಲಿ ಕೊಂಕಣಿಯವರಿಗೆ ಕೊಂಕಣಿ, ನಮಗೆ ಕನ್ನಡ. ಹೆಂಡತಿಯನ್ನು ‘ಆಂಟಿ’ ಎನ್ನುತ್ತಿದ್ದಳು. ಸೂಜಿ ಹಾಕುವ ಮುಂಚೆ ಪ್ರತಿಸಲ, “ಆಂಟಿ, ಬೇರೆ ಕಡೆ ನೋಡಿ” ಎನ್ನುವಳು. ಹೆಂಡತಿ ಪ್ರತಿಸಲ ಸೂಜಿಯನ್ನೇ ನೋಡುವಳು.

ನಾನು ಹೊರಗೆ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂರುತ್ತಿದ್ದೆ. ನಾಲ್ಕು ತಾಸು ಪುಕ್ಕಟೆ ಸಿಕ್ಕಿದೆ, ಸಾಧನೆಗೆ ಬಳಸಿಕೊಳ್ಳೋಣ ಎಂಬ ಲೆಕ್ಕಾಚಾರ. ಆದರೆ ಒಳಗಿಂದ ಒಂದು ದನಿ ಕೇಳುತ್ತಿತ್ತು. ಯಾರೋ ಹೆಂಗಸು ತಗ್ಗಿದ ದನಿಯಲ್ಲಿ ಹಾಡುತ್ತಿದ್ದಳು. ನಾಟಿ ಮಾಡುವಾಗ ಹಾಡುವಂಥ ರಾಗ, ಒಂದೇ ಸಾಲು ಎಳೆದೆಳೆದು. ನನ್ನ ಎಣಿಕೆ ತಪ್ಪುತ್ತಿತ್ತು. ಒಂದು ದಿನ ಟೆಕ್ನಿಷಿಯನ್ ಹತ್ತಿರ, “ಆಸ್ಪತ್ರೆಯಲ್ಲಿ ಹಾಡಬಹುದೇ?” ಎಂದು ಕೇಳಿಯೇಬಿಟ್ಟೆ.

“ಸರ್, ಅವರು ಹಾಡಿದ್ರೆ ಪೇಷಂಟೆಲ್ಲ ಸುಮ್ಮನೆ ಮಲಗ್ತಾರೆ. ನನಗೆ ಬಿಪಿ ನೋಡೋದು ಸುಲಭ” ಎಂದಳು.

ಹಾಡುತ್ತಿದ್ದವಳು ಕುಮಟಾ ಹತ್ತಿರದ ಸಂತೆಗುಳಿ ಎಂಬ ಹಳ್ಳಿಯವಳು. ಅರವತ್ತು ದಾಟಿರಬೇಕು. ಗದ್ದೆ ಕೆಲಸದವಳು, ಮನೆಯ ಹಿಂದೆ ಬದನೆ, ಹರಿವೆ ಬೆಳೆದು ಕುಮಟಾಕ್ಕೆ ತಂದು ಮಾರುವವಳು. ಅವಳ ತಮ್ಮನಿಗೆ ನಮ್ಮ ಪಾಳಿಯಲ್ಲೇ ಡಯಾಲಿಸಿಸ್, ನನ್ನ ಹೆಂಡತಿಯ ಪಕ್ಕದ ಮಂಚ. ತರಕಾರಿ ಬುಟ್ಟಿಯನ್ನು ಗೇಟಿನ ಹತ್ತಿರ ಇಟ್ಟು ತಮ್ಮನ ಕಾಲ ಬಳಿ ಕೂರುತ್ತಿದ್ದಳು. ಹೆಂಡತಿಗೂ ಅವಳಿಗೂ ಆಗಲೇ ಗೆಳೆತನ ಬೆಳೆದಿತ್ತು. ನಾನು ಹೊರಗೆ ಕಣ್ಣು ಮುಚ್ಚಿ ಕೂತಿದ್ದರಿಂದ ನನಗೆ ಗೊತ್ತಾಗಿರಲಿಲ್ಲ.

ಮೂರನೆಯ ತಿಂಗಳೋ ಏನೋ, ಒಂದು ಗುರುವಾರ. ಡಯಾಲಿಸಿಸ್ ಮುಗಿಯಲು ಇನ್ನು ಮುಕ್ಕಾಲು ತಾಸು ಇರುವಾಗ ಒಳಗಿಂದ ಹೆಂಡತಿ ಕೂಗಿದ್ದು ಕೇಳಿಸಿತು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವಳು ಹಾಗೆ ಕೂಗಿದ್ದು ನಾನು ಕೇಳಿರಲಿಲ್ಲ. ಓಡಿದೆ. ಮೈಯಿಂದ ನೀರು ತೆಗೆಯುವಾಗ ಕೆಲವರಿಗೆ ಕಾಲು ಸೆಳೆತ ಬರುತ್ತದಂತೆ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ ಪಾದ ತಿರುಚಿಕೊಂಡಿತ್ತು. ಟೆಕ್ನಿಷಿಯನ್ ಯಂತ್ರದ ಗುಂಡಿ ಒತ್ತುತ್ತ ಸಲೈನ್ ಬಿಡುತ್ತಿದ್ದಳು. ನಾನು ಮಂಚದ ತುದಿಯಲ್ಲಿ ಮಾಲೆ ಹಿಡಿದು ನಿಂತೆ. ಏನು ಮಾಡಬೇಕೆಂದು ತಿಳಿಯಲಿಲ್ಲ.

“ಮಾಸ್ತರ್ರೇ, ನೋಡ್ತಾ ನಿಂತ್ರೆ ಆಗುದಿಲ್ಲ” ಎಂದಳು ಪಕ್ಕದ ಮಂಚದ ಬಳಿಯಿದ್ದ ಸಂತೆಗುಳಿಯವಳು. “ಒಂದ್ ಕೈಲಿ ಹಿಮ್ಮಡಿ ಹಿಡೀರಿ. ಇನ್ನೊಂದ್ ಕೈಲಿ ಬೆರಳು ಮ್ಯಾಲೆ ಒತ್ತಿ. ಹಾಂ. ಬಿಡ್ಬೇಡಿ, ಗಟ್ಟಿ ಹಿಡೀರಿ.”

ಮಾಲೆಯನ್ನು ಮಂಚದ ಮೇಲೆ ಹಾಕಿ ಹಿಡಿದೆ. ಅಷ್ಟು ನೋವಿನಲ್ಲೂ ಹೆಂಡತಿ ಕಾಲು ಎಳೆದುಕೊಳ್ಳಲು ನೋಡಿದಳು.

“ಬಿಡಿ, ಬಿಡಿ. ಕಾಲು ಮುಟ್ಟಡಿ. ನಂಗೆ ಪಾಪ ಬತ್ತು.”

ಸಂತೆಗುಳಿಯವಳು ನಕ್ಕೇಬಿಟ್ಟಳು. “ಎಂತ ಪಾಪ ಅಮ್ಮಾ? ಇಂವ ನನ್ಗಿಂತ ಹನ್ನೆರಡು ವರ್ಷ ಸಣ್ಣಂವ. ಸೊಂಟದ ಮೇಲೆ ಎತ್ಕಂಡ್ ಬೆಳ್ಸಿದ್ದೆ. ಈಗ ನಾನೇ ಇವ್ನ ಕಾಲು ಹಿಡ್ಕಂಡ್ ಕೂತಿದ್ದೆ. ನೋವು ಬಂದ ಕಾಲಿಗೆ ದೊಡ್ಡೋರು ಸಣ್ಣೋರು ಗೊತ್ತಾಗ್ತದ್ಯಾ?”

ಹೆಂಡತಿಯ ಆ ಪಾದವನ್ನು ನಾನು ಎಂದೂ ಸರಿಯಾಗಿ ನೋಡಿರಲಿಲ್ಲ. ಹಿಮ್ಮಡಿ ಒಡೆದಿತ್ತು. ಎಡಗಾಲಿನ ಹೆಬ್ಬೆರಳ ಪಕ್ಕ ಹಳೆಯ ಸುಟ್ಟ ಕಲೆ. ಅದು ಯಾವಾಗ ಆಯಿತೆಂದು ನನಗೆ ಗೊತ್ತಿರಲಿಲ್ಲ. ನಿಧಾನಕ್ಕೆ ಸ್ನಾಯು ಸಡಿಲಾಯಿತು. ಕೈಯೊಳಗೆ ಪಾದ ಬೆಚ್ಚಗಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಸೆಳೆತ ಬಿಟ್ಟಿದೆ, ಇನ್ನು ಸಾಕು ಎಂದು ಟೆಕ್ನಿಷಿಯನ್ ಹೇಳಿದ ಮೇಲೂ ನಾನು ಬಿಡಲಿಲ್ಲ. ಪಕ್ಕದಲ್ಲಿ ಹಾಡು ಮತ್ತೆ ಶುರುವಾಗಿತ್ತು. ಆಗ ಮೊದಲ ಸಲ ಅದರ ಮಾತು ಕಿವಿಗೊಟ್ಟು ಕೇಳಿದೆ. ಆ ಯಂತ್ರದ ಕೊಳವೆ ನೋಡಿ ಅವಳೇ ಕಟ್ಟಿಕೊಂಡ ಹಾಡು: ಕೆಂಪು ಹೊಳೆ ಹೋತೇ, ಕೆಂಪು ಹೊಳೆ ಬಂತೇ, ತಮ್ಮಯ್ಯ ದಡದಲ್ಲಿ ಮಲಗೀದನೇ.

ಬಸ್ಸಿನಲ್ಲಿ ಮನೆಗೆ ಬರುವಾಗ ಕೇಳಿದೆ, “ಆ ಸುಟ್ಟ ಕಲೆ ಎಂತದು?”

“ಗಂಜಿ ಚೆಲ್ಲಿದ್ದು. ಮದುವೆ ಆದ ವರ್ಷ.”

“ನಂಗೆ ಗೊತ್ತೇ ಇಲ್ಲೆ.”

“ಗೊತ್ತಿದ್ದು. ನೀವೇ ಮುಲಾಮು ತಂದು ಕೊಟ್ಟಿದ್ರಿ. ಮರೆತು ಹೋಜು, ಅಷ್ಟೆ” ಎಂದು ಕಿಟಕಿಯ ಹೊರಗೆ ನೋಡಿದಳು. ನನ್ನನ್ನು ಬಿಟ್ಟುಕೊಡಬಾರದೆಂದು ಸುಳ್ಳು ಹೇಳಿದಳೇ? ಇಂದಿಗೂ ನನಗೆ ತಿಳಿಯದು.

ಆಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕೂರುವುದು ಕಡಿಮೆಯಾಯಿತು. ಕೊನೆಯ ಒಂದು ತಾಸು ಒಳಗೆ ಇರುತ್ತಿದ್ದೆ. ಸೆಳೆತ ಬರಲಿ ಬಿಡಲಿ, ಕಾಲ ಬಳಿ ಕೂತು ಪಾದ ಹಿಡಿಯುತ್ತಿದ್ದೆ. ಮೊದಲ ಕೆಲವು ವಾರ ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಹಾಗೇ ನಿದ್ದೆ ಮಾಡತೊಡಗಿದಳು. ಧ್ಯಾನದಲ್ಲಿ ಆದಂಥ ದೊಡ್ಡ ಅನುಭವ ಯಾವುದೂ ಅಲ್ಲಿ ನನಗೆ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಹಸಿವಾಗುತ್ತಿತ್ತು. ಆದರೆ ಎದ್ದು ಬೇರೆಲ್ಲಿಗೋ ಹೋಗಬೇಕೆಂಬ ತಹತಹ ಆ ಒಂದು ತಾಸು ಇರುತ್ತಿರಲಿಲ್ಲ. ಅದು ಇರಲಿಲ್ಲವೆಂಬುದು ಕೂಡ ತಿಂಗಳುಗಟ್ಟಲೆ ಆದ ಮೇಲೆ ಗಮನಕ್ಕೆ ಬಂತು.

ಬೇಸಿಗೆಯಲ್ಲಿ ಶಿಬಿರದ ಕರೆ ಬಂತು. ನಾನು ಉತ್ತರ ಬರೆಯದೇ ಇದ್ದುದನ್ನು ಕಂಡು ಹೆಂಡತಿಗೆ ಸಿಟ್ಟು ಬಂತು.

“ತಂಗಿ ಬಂದು ಇರ್ತು ಹೇಳಿದ್ದು. ಹೋಗಿ ಬನ್ನಿ. ನನ್ನ ನೆವ ಮಾಡಡಿ. ನನ್ನ ಕಾಯಿಲೆಯಿಂದ ತಪ್ಪಿಹೋತು ಹೇಳಿ ಆಮೇಲೆ ಬೇಜಾರು ಮಾಡ್ಕಳದು ಬೇಡ.”

“ನೆವ ಅಲ್ಲ. ಹೋಗವು ಹೇಳಿ ಅನ್ಸ್ತಾ ಇಲ್ಲೆ.”

ಅವಳು ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ, “ಹಂಗಾದ್ರೆ ಬೆಳಿಗ್ಗೆ ಮಿಕ್ಸರ್ ಹಾಕ್ಲಕ್ಕಾ?” ಎಂದು ಕೇಳಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಐದೂವರೆಗೆ ನಮ್ಮ ಮನೆಯಲ್ಲಿ ದೋಸೆಗೆ ಕಾಯಿ ಚಟ್ನಿ ರುಬ್ಬುವ ಸದ್ದಾಯಿತು. ನಾನು ದೇವರ ಕೋಣೆಯಲ್ಲಿ ಕೂತೇ ಅದನ್ನು ಕೇಳಿದೆ.

ಮಳೆಗಾಲದಲ್ಲಿ ಒಂದು ಮಂಗಳವಾರ ಪಕ್ಕದ ಮಂಚ ಖಾಲಿ ಇತ್ತು. ಟೆಕ್ನಿಷಿಯನ್ ನಮ್ಮಿಬ್ಬರನ್ನೂ ಬದಿಗೆ ಕರೆದು, ಸಂತೆಗುಳಿಯವಳ ತಮ್ಮ ಭಾನುವಾರ ಮನೆಯಲ್ಲೇ ತೀರಿಹೋದ ಎಂದಳು. ಹೇಳುತ್ತ ಅವಳೇ ಅತ್ತಳು. ಹೆಂಡತಿ ಅವಳ ತಲೆ ಸವರಿದಳು. ಆ ದಿನ ಕೋಣೆಯಲ್ಲಿ ಯಂತ್ರಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹದಿನೈದು ದಿನ ಕಳೆದು ಒಂದು ಭಾನುವಾರ ನಾವು ಸಂತೆಗುಳಿಗೆ ಹೋದೆವು. ಹೆಂಡತಿ ಯಾರ ಮನೆಗೂ ಹೋಗದೆ ವರ್ಷವಾಗಿತ್ತು. ಅವಳು ಇಡೀ ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂಬ ಮಿತಿ ಇದೆ. ಎಳನೀರಂತೂ ಬಾಯಿಗೆ ಹಾಕುವಂತಿಲ್ಲ. ನೆಂಟರ ಮನೆಗಳಲ್ಲಿ ಅದನ್ನು ವಿವರಿಸಿ ಹೇಳುವುದು, ಅವರು ‘ಒಂದು ಲೋಟಕ್ಕೆ ಏನಾಗುತ್ತದೆ’ ಎಂದು ಒತ್ತಾಯ ಮಾಡುವುದು ಅವಳಿಗೆ ಸಾಕಾಗಿಹೋಗಿತ್ತು.

ಸಂತೆಗುಳಿಯವಳು ನಮ್ಮನ್ನು ಕಂಡು ಗದ್ದೆಯಿಂದಲೇ ಓಡಿ ಬಂದಳು. ಜಗಲಿಯಲ್ಲಿ ಚಾಪೆ ಹಾಸಿದಳು. ನನಗೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಹೆಂಡತಿಗೆ ಒಂದು ಪುಟ್ಟ ಲೋಟ. ಅದರಲ್ಲಿ ಎರಡು ಗುಟುಕಿನಷ್ಟು ನೀರು.

“ಅಮ್ಮಂಗೆ ಇಷ್ಟೇ” ಎಂದಳು. “ಅಂವಂಗೂ ಇದೇ ಲೋಟದಲ್ಲಿ ಕೊಡ್ತಿದ್ದೆ.”

ಹೆಂಡತಿ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮೊದಲ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡೇ ಎಷ್ಟೋ ಹೊತ್ತು ಇದ್ದಳು.

ಸಂತೆಗುಳಿಯವಳು ತಮ್ಮನ ಕೊನೆಯ ದಿನದ ಸುದ್ದಿ ಹೇಳಿದಳು. ಬೆಳಿಗ್ಗೆ ಗಂಜಿ ಉಂಡನಂತೆ. ನಾಟಿಯ ಸಸಿ ಎಷ್ಟುದ್ದ ಆಯಿತು ಎಂದು ಕೇಳಿದನಂತೆ. ಮಧ್ಯಾಹ್ನ ನೋಡುವಾಗ ಉಸಿರಿಲ್ಲ. “ನಾಟಿ ಮುಗ್ದೋತು ಮಾಸ್ತರ್ರೇ, ಈ ವರ್ಷ ನನ್ನ ಬಾಯಿಂದ ಒಂದು ಹಾಡು ಬರ್ಲಿಲ್ಲ” ಎಂದಳು.

ಆಗ ನನ್ನ ಹೆಂಡತಿ ಮೆಲ್ಲಗೆ ಆ ಹೊಳೆಯ ಹಾಡು ಎತ್ತಿಕೊಂಡಳು. ಅವಳು ಹಾಡುವವಳೇ ಅಲ್ಲ. ಎರಡನೆಯ ಸಾಲಿಗೆ ಬರುವಾಗ ರಾಗ ಎಲ್ಲೋ ಹೋಯಿತು. ಸಂತೆಗುಳಿಯವಳು ಕಣ್ಣೊರೆಸಿಕೊಂಡು, “ಹಂಗಲ್ಲ ಅಮ್ಮಾ, ಅಲ್ಲಿ ಎಳೀಬೇಕು” ಎಂದು ತಿದ್ದಿದಳು. ತಿದ್ದಲು ಹೋಗಿ ತಾನೇ ಹಾಡಿದಳು. ದನಿ ಒಡೆಯಿತು, ನಿಂತಿತು, ಮತ್ತೆ ಬಂತು. ಇಬ್ಬರೂ ಒಬ್ಬರಿಗೊಬ್ಬರು ತಾಗಿಕೊಂಡು ಕೂತು ಹಾಡಿದರು, ಅತ್ತರು. ನಾನು ಕಣ್ಣು ತೆರೆದು ಅವರನ್ನೇ ನೋಡುತ್ತ ಕೂತಿದ್ದೆ. ನನಗೆ ಆಗ ಏನೂ ಬೇಕೆನ್ನಿಸಲಿಲ್ಲ. ಹೊರಡುವಾಗ ಸಂತೆಗುಳಿಯವಳು ಸೊಪ್ಪು ಕಟ್ಟಿಕೊಡಲು ಹೋಗಿ, ಕಿಡ್ನಿ ಕಾಯಿಲೆಗೆ ಅದು ಆಗದೆಂದು ನೆನಪಾಗಿ, ಅಂಗಳದ ಅಬ್ಬಲಿಗೆ ಹೂ ಕೊಯ್ದು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು.

ಈಗ ನಾಲ್ಕನೆಯ ವರ್ಷ ನಡೆಯುತ್ತಿದೆ. ಹೆಂಡತಿ ಒಮ್ಮೆ ಚೆನ್ನಾಗಿರುತ್ತಾಳೆ, ಒಮ್ಮೆ ಸುಸ್ತು. ಡಾಕ್ಟರು ಹೆಚ್ಚೇನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸಂತೆಗುಳಿಯವಳು ತರಕಾರಿ ಮಾರಲು ಬಂದ ದಿನ ಒಳಗೆ ಬಂದು ಎಲ್ಲ ಮಂಚದವರನ್ನೂ ಮಾತಾಡಿಸಿ ಹೋಗುತ್ತಾಳೆ.

ಕಳೆದ ಶನಿವಾರ ಭಟ್ಕಳದ ಕಡೆಯವರೊಬ್ಬರು ತಮ್ಮ ಹೆಂಡತಿಯನ್ನು ಮೊದಲ ಸಲ ಕರೆತಂದಿದ್ದರು. ಬಹಳ ವರ್ಷ ದುಬೈಯಲ್ಲಿದ್ದು ಊರಿಗೆ ಬಂದವರಂತೆ. ಒಳಗೆ ಸೂಜಿ ಹಾಕುವ ಹೊತ್ತಿಗೆ ಹೊರಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, ಫೈಲನ್ನು ಎದೆಗೆ ಒತ್ತಿಕೊಂಡರು. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ.

“ಎಷ್ಟು ಹೊತ್ತು ಆಗ್ತದೆ ಸಾಹೇಬ್ರೆ?” ಎಂದು ಕೇಳಿದರು.

“ನಾಲ್ಕು ತಾಸು. ಒಳಗೆ ಎಸಿ ಜೋರು, ಅವರಿಗೆ ಚಳಿ ಆಗ್ತದೆ. ಮುಂದಿನ ಸಲ ಒಂದು ಸ್ವೆಟರ್ ತನ್ನಿ” ಎಂದೆ. ಅವರ ಮುಖ ಇನ್ನಷ್ಟು ಬಾಡಿದ್ದು ಕಂಡು, ನಮ್ಮ ಚೀಲದಲ್ಲಿದ್ದ ಶಾಲು ತೆಗೆದುಕೊಟ್ಟೆ. “ಇವತ್ತಿಗೆ ಇದು ಇರಲಿ. ಹೋಗಿ, ನೀವೇ ಹೊದಿಸಿ ಬನ್ನಿ. ಯಾರೂ ಏನೂ ಅನ್ನುವುದಿಲ್ಲ.”

ಅವರು ಶಾಲು ಹಿಡಿದು ಎದ್ದು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಹೋದರು.