ಅತ್ತಿಗೆ ದಾಟಿಸದೆ ಬಿಟ್ಟ ಸದ್ದು

ನಮ್ಮ ಅತ್ತಿಗೆ ಫೋಟೋಗಳಿಗೆ ಕಟ್ಟು ಹಾಕುವವಳು. ಅಂಗಡಿಯಲ್ಲಿ ಗಾಜು ಕತ್ತರಿಸುವುದು ನನ್ನ ಕೆಲಸ, ಚೌಕಟ್ಟು ಆರಿಸುವುದು ಅವಳದು. ಗಿರಾಕಿ ಚಿನ್ನದ ಬಣ್ಣದ್ದೇ ಬೇಕೆಂದು ಹಟ ಹಿಡಿದರೆ ಅವಳು ವಾದ ಮಾಡುವುದಿಲ್ಲ. ಒಂದು ಕಂದು ಪಟ್ಟಿಯನ್ನು ಚಿತ್ರದ ಪಕ್ಕಕ್ಕಿಟ್ಟು ಕೈಕಟ್ಟಿ ನಿಂತುಬಿಡುತ್ತಾಳೆ. ಗಿರಾಕಿ ತೆಪ್ಪಗೆ ಕಂದನ್ನೇ ಒಪ್ಪಿಕೊಳ್ಳುತ್ತಾನೆ. ನಮ್ಮಿಬ್ಬರಿಗೂ ಒಂದೇ ವಯಸ್ಸು, ಹೋಗೇ ಬಾರೇ ಅಂತಲೇ ಮಾತು, ಜಗಳಕ್ಕೂ ಕಡಿಮೆಯಿಲ್ಲ. ಅಣ್ಣ ಹೋದ ಮೇಲೆ ಜಗಳವೆಲ್ಲ ಒಂದೇ ವಿಷಯಕ್ಕೆ. ಮಲಗುವಾಗ ಅವಳು ಬಾಗಿಲ ಚಿಲಕ ಹಾಕುವುದಿಲ್ಲ. ಮರೆವಲ್ಲ, ಬೇಕೆಂದೇ. ನಾನು ಗೊಣಗುತ್ತ ಎದ್ದು ಹೋಗಿ ಹಾಕಿ ಬರಬೇಕು.

ಅಣ್ಣ ಲಿಫ್ಟ್ ರಿಪೇರಿಯವನು. ಅವನಿಗೊಂದು ಹುಚ್ಚಿತ್ತು. ಖಾಲಿ ಕಟ್ಟಡಗಳಲ್ಲಿ ಲಿಫ್ಟು ಏಳುವ, ಇಳಿಯುವ, ಬಾಗಿಲು ತೆರೆದು ಯಾರೂ ಹತ್ತದೆ ಮುಚ್ಚಿಕೊಳ್ಳುವ ಸದ್ದನ್ನೆಲ್ಲ ಫೋನಿನಲ್ಲಿ ಹಿಡಿದು ಜಾಲಕ್ಕೆ ಹಾಕುತ್ತಿದ್ದ. ಊರೆಲ್ಲ ಬಿದ್ದು ಒದ್ದಾಡುವ ಆ ದೊಡ್ಡ ಕಂಪನಿಯ ಜಾಲವಲ್ಲ. ಇದಕ್ಕೆ ಒಬ್ಬ ಯಜಮಾನ ಅಂತಿಲ್ಲ. ಅಲ್ಲೊಬ್ಬರು ಮೇಷ್ಟ್ರು, ಇಲ್ಲೊಬ್ಬರು ಗಡಿಯಾರ ರಿಪೇರಿಯವರು, ತಮ್ಮ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಅದನ್ನೇ ಮನೆ ಅನ್ನುತ್ತಾರೆ. ಒಂದು ಮನೆಯವರು ಹಾಕಿದ್ದು ಇಷ್ಟವಾದರೆ ಇನ್ನೊಂದು ಮನೆಯವರು ತರಿಸಿಕೊಳ್ಳುತ್ತಾರೆ. ಏನು ನೋಡಬೇಕೆಂದು ಯಂತ್ರ ಹೇಳುವುದಿಲ್ಲ, ಮನುಷ್ಯರೇ ಆರಿಸಿ ಮುಂದಕ್ಕೆ ದಾಟಿಸಬೇಕು. ಅಣ್ಣ ಅತ್ತಿಗೆ ಸೇರಿಕೊಂಡಿದ್ದು ಗಡಿಯಾರದವರ ಜಾಲದ ಮನೆಗೆ, ಅಲ್ಲಿ ಆ ಕೆಲಸ ಅತ್ತಿಗೆಯದು. ಸಂಜೆ ಅಂಗಡಿ ಗುಡಿಸಿದ ಮೇಲೆ ಕೂತು, ಯಾರದೋ ಬಾವಿಯ ಚಿತ್ರದ ಪಕ್ಕದಲ್ಲಿ ಅಣ್ಣನ ಲಿಫ್ಟಿನ ಸದ್ದನ್ನಿಟ್ಟು, ಕೆಳಗೊಂದು ಸಾಲು ಬರೆದು ದಾಟಿಸುತ್ತಿದ್ದಳು. ಎಲ್ಲಿಯವರೋ ಏನೋ, ಅವಳನ್ನು 'ಕಟ್ಟಿನಮ್ಮ' ಅನ್ನುತ್ತಿದ್ದರು. ಇವಳು ಹಿರಿಹಿರಿ ಹಿಗ್ಗುತ್ತಿದ್ದಳು.

ಅಣ್ಣ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ಫೋನು ಲಿಫ್ಟು ಓಡಾಡುವ ಬಾವಿಯಂಥ ಗುಂಡಿಗೆ ಬಿದ್ದು ಪುಡಿಯಾಯಿತು. ಜಾಲದವರಿಗೆ ಅತ್ತಿಗೆ ವಿಷಯ ತಿಳಿಸಲೇ ಇಲ್ಲ. ಅವರು ಲಿಫ್ಟಿನವರೆಲ್ಲಿ, ಇತ್ತೀಚೆಗೆ ಸದ್ದೇ ಇಲ್ಲವಲ್ಲ ಎಂದು ಕೇಳುತ್ತಲೇ ಇದ್ದರು. ಅವಳು ಜಾಲ ತೆರೆಯುವುದನ್ನೇ ಬಿಟ್ಟಳು. ಕೆಲವು ತಿಂಗಳಿಗೆ ಗಡಿಯಾರದವರ ಕಂಪ್ಯೂಟರ್ ಸುಟ್ಟುಹೋಯಿತು. ಪಾಪ, ಅವರು ಮನೆಗೇ ಬಂದು ತಲೆ ತಗ್ಗಿಸಿ ಕೂತರು. ಅಣ್ಣ ಹಾಕಿದ್ದೆಲ್ಲ ಅದರಲ್ಲೇ ಇತ್ತು. ಅಷ್ಟೂ ಸದ್ದುಗಳಲ್ಲಿ ಒಂದರಲ್ಲಿ ಮಾತ್ರ ಅಣ್ಣನ ದನಿ ಇತ್ತು. ನಮ್ಮದೇ ಕಟ್ಟಡದ ಕೆಳಗೆ ನಿಂತು, ಮೂರನೇ ಮಹಡಿಯಲ್ಲಿದ್ದ ಇವಳಿಗೆ ಲಿಫ್ಟಿನ ಆ ಬಾವಿಯೊಳಗಿಂದ ಕೂಗಿದ್ದು. ಅಣ್ಣ ಜಾಲಕ್ಕೆ ಹಾಕಿದ್ದರೂ ಅದೊಂದನ್ನು ಅತ್ತಿಗೆ ಯಾರಿಗೂ ದಾಟಿಸಿರಲಿಲ್ಲ. ಮನೆಯ ಮಾತು ಅಂತ ನಾಚಿಕೆ.

ಎದ್ದು ಹೋಗುವ ಮುಂಚೆ ಗಡಿಯಾರದವರು ತಮ್ಮ ಸ್ನೇಹಿತರಾದ ಮೇಷ್ಟ್ರ ಜಾಲದ ಮನೆಯಲ್ಲಿ ಅವಳಿಗೊಂದು ಜಾಗ ಮಾಡಿಕೊಟ್ಟರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ನಮ್ಮ ಮಹಡಿಗೆ ಲಿಫ್ಟು ಬಂದು ನಿಂತಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಹೆಜ್ಜೆ ಪಕ್ಕದ ಮನೆ ಕಡೆ ಹೋದ ಮೇಲೆ ಮುಂದಿನ ಮಾತು.

ಒಂದು ಸಂಜೆ ಅಂಗಡಿಯಲ್ಲಿ ಅಂಟು ಗಟ್ಟಿಯಾಯಿತೆಂದು ಅವಳು ಬೈಯುತ್ತಿದ್ದಾಗ, ನಾನು ಬೇಜಾರಿಗೆ ಅವಳ ಫೋನು ತೆಗೆದು ಆ ಜಾಲ ಒತ್ತಿದೆ. ಫೋನಿನೊಳಗೆ ಲಿಫ್ಟಿನ ಬಾಗಿಲು ತೆರೆಯಿತು. ತುಸು ಹೊತ್ತು ಬಿಟ್ಟು ಮುಚ್ಚಿಕೊಂಡಿತು. ಅಣ್ಣನದೇ! ಕೆಳಗೆ ಅತ್ತಿಗೆ ಹಿಂದೆ ಬರೆದಿದ್ದ ಸಾಲೂ ಹಾಗೇ ಇತ್ತು. ಯಾವುದೋ ದೂರದ ಮನೆಯವರು ಎತ್ತಿಟ್ಟುಕೊಂಡು ಈಗ ಮತ್ತೆ ದಾಟಿಸಿದ್ದರು. ಅತ್ತಿಗೆ ಓಡಿ ಹೋಗಿ ಗಡಿಯಾರದವರನ್ನು ಕೇಳಿದಳು. ತರಿಸಿಕೊಂಡ ಪ್ರತಿ ಮನೆಯಲ್ಲೂ ಒಂದು ಪ್ರತಿ ಇರುತ್ತದೆ, ಆದರೆ ಆಗಾಗ ಹಳೆಯದನ್ನು ಗುಡಿಸುತ್ತಾರೆ, ಯಾರಾದರೂ ಎತ್ತಿಟ್ಟದ್ದು ಮಾತ್ರ ಉಳಿಯುತ್ತದೆ ಎಂದರು.

"ನಾನು ಆರಿಸಿದ್ದನ್ನೇ ಅಲ್ವೇನೇ ಜನ ಎತ್ತಿಟ್ಟಿರೋದು," ಅಂದಳು ಅತ್ತಿಗೆ ನನಗೆ. "ಅವರ ದನಿ ಇದ್ದಿದ್ದನ್ನ ನಾನು ಆರಿಸಲೇ ಇಲ್ಲ."

ಆದರೂ ಹುಡುಕತೊಡಗಿದಳು. ಜಾಲದಲ್ಲಿ ಮನೆಯಿಂದ ಮನೆಗೆ ಕೇಳುತ್ತ ಹೋದಳು. ಹುಡುಕುವ ದಾರಿಯಲ್ಲಿ ಕಂಡದ್ದನ್ನು ಬಿಡಲು ಅವಳಿಂದ ಎಲ್ಲಾಗುತ್ತದೆ? ಯಾರೋ ತೆಗೆದ ಖಾಲಿ ಗೋಡೆಯ ಮೊಳೆ, ಯಾರದೋ ಅಜ್ಜಿಯ ಸೀಟಿ, ಒದ್ದೆ ಮೆಟ್ಟಿಲ ಮೇಲೊಂದು ಒಂಟಿ ಚಪ್ಪಲಿ. ಇದರ ಪಕ್ಕ ಅದು, ಅದರ ಪಕ್ಕ ಇದು. ಒಂದು ದಿನ ಮೊಳೆಯ ಪಕ್ಕಕ್ಕೆ ಸೀಟಿಯನ್ನಿಟ್ಟು, ತಾನೇ ಕೇಳಿ, ಜೋರಾಗಿ ನಕ್ಕುಬಿಟ್ಟಳು. ಆ ನಗುವನ್ನು ಎಷ್ಟು ದಿನದ ಮೇಲೆ ಕೇಳಿದೆನೋ, ನನ್ನ ಕೈಯಲ್ಲಿದ್ದ ಗಾಜು ವಕ್ರವಾಗಿ ಸೀಳಿತು. ಬೈಯುವ ಮನಸ್ಸೂ ಬರಲಿಲ್ಲ.

ಕೊನೆಗೆ ಅಣ್ಣನ ದನಿಯನ್ನು ಕಳಿಸಿದವಳು ಕಡಲಾಚೆಯ ಒಬ್ಬ ನರ್ಸು. ಕಟ್ಟಿನಮ್ಮ, ಇದನ್ನು ನೀವು ಆರಿಸಿರಲಿಲ್ಲ, ಆದರೂ ನನಗೆ ಇಷ್ಟವಾಗಿ ಆಗಲೇ ತರಿಸಿ ಎತ್ತಿಟ್ಟುಕೊಂಡಿದ್ದೆ, ನಿಮ್ಮ ಭಾಷೆ ಬರುವುದಿಲ್ಲ, ಯಾರೋ ಯಾರಿಗೋ ಬರುತ್ತೇನೆ ಅಂದ ಹಾಗೆ ಕೇಳುತ್ತದೆ, ವಾರ್ಡಿನಲ್ಲಿ ಒಬ್ಬಳೇ ಇರುವಾಗ ಹಾಕಿಕೊಳ್ಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು.

ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದೆವು. ಲಿಫ್ಟಿನ ಹಗ್ಗ ಕಿರುಗುಟ್ಟಿತು. ಆಮೇಲೆ ಕೆಳಗಿನಿಂದ ಅಣ್ಣ.

"ಬಾಗಿಲು ಹಾಕ್ಕೋಬೇಡ ಕಣೆ, ಬಂದೆ."

ಅತ್ತಿಗೆ ಅಳಲಿಲ್ಲ. ನಾನೇ ಗೋಳೋ ಎಂದೆ. ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿದಳು. ತನ್ನ ಹತ್ತಿರವೇ ಇಟ್ಟುಕೊಂಡರೆ ಮತ್ತೆ ಒಂದೆರಡು ಮನೆಗಳಲ್ಲಷ್ಟೇ ಉಳಿಯುತ್ತದೆ, ಅವೂ ಸುಟ್ಟರೆ ಮುಗಿಯಿತು ಎಂದಳು. ಆಮೇಲೆ ಕೆಳಗೆ ಒಂದು ಸಾಲು ಬರೆದು ದಾಟಿಸಿದಳು. ಇಣುಕಿ ನೋಡಿದೆ. 'ಇವರು ನನ್ನ ಗಂಡ. ಈಗ ಇಲ್ಲ.'

ಊಟವಾಯಿತು. ದೀಪ ಆರಿಸುವ ಮುಂಚೆ ಅವಳೇ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಮಗ್ಗುಲಾಗಿ ನಿದ್ದೆಯನ್ನೂ ಮಾಡಿಬಿಟ್ಟಳು.

ನನಗೆ ನಿದ್ದೆ ಹತ್ತಲಿಲ್ಲ. ಯಾವ ಯಾವ ಊರಿನ ಯಾವ ಯಾವ ಕೋಣೆಗಳಲ್ಲಿ ಈಗ ಅಣ್ಣ ಬಂದೆ ಬಂದೆ ಅನ್ನುತ್ತಿರುವನೋ ಎಂದುಕೊಂಡೆ. ಅಷ್ಟರಲ್ಲಿ ಲಿಫ್ಟು ಮೇಲೇರುವ ಸದ್ದಾಯಿತು. ನಮ್ಮ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯಿತು. ಯಾವ ಕಡೆಗೂ ಹೆಜ್ಜೆ ಹೋಗಲಿಲ್ಲ. ನಾನು ಎದ್ದು, ಅತ್ತಿಗೆಗೆ ಎಚ್ಚರವಾಗದ ಹಾಗೆ, ಚಿಲಕ ತೆಗೆದೆ.